ಎಡಗಾಲಿಗೆ ಕೆಲಸವಿಲ್ಲದ ಕಾರು

ಮಾರ್ಚ್ ೩, ಸೋಮವಾರ

ಗ್ರೀಸಪ್ಪ ಇವತ್ತೂ ಅದನ್ನೇ ಹೇಳಿದ. ಕ್ಲಚ್ಚಿನಲ್ಲಿ ಏನೂ ಇಲ್ಲವಂತೆ. ಕೇಬಲ್ಲು ಹೊಸದು, ಬೇರಿಂಗು ಹೊಸದು, ಪ್ಲೇಟೂ ಚೆನ್ನಾಗಿಯೇ ಇದೆಯಂತೆ.

"ಇನ್ನು ರಿಪೇರಿಗೆ ಬಾಕಿ ಇರೋದು ನೀವೊಬ್ರೇ ಅಣ್ಣಾ" ಅಂದ.

"ಮೆಕ್ಯಾನಿಕ್ಕು ತಮಾಷೆ ಮಾಡಬಾರ್ದು ಕಣೋ, ಅದು ನನ್ನ ಡಿಪಾರ್ಟ್‌ಮೆಂಟು" ಅಂತ ಹೇಳಿ ಗಾಡಿ ತೆಗೆದುಕೊಂಡು ಬಂದೆ. ದಾರಿಯಲ್ಲಿ ಪ್ರತಿ ಸಿಗ್ನಲ್ಲಿನಲ್ಲೂ ಜರ್ಕು ಹೊಡೆದು ಆಫ್ ಆಯಿತು. ಪೆಡಲ್ಲು ಪೂರ್ತಿ ಇಳಿಯುವುದೇ ಇಲ್ಲ, ಒಳಗೆ ಯಾರೋ ಕೂತು ಮೇಲಕ್ಕೆ ತಳ್ಳುತ್ತಿದ್ದ ಹಾಗೆ. ಹಿಂದಿದ್ದ ವ್ಯಾನಿನವನು ಹಾರ್ನಿನಲ್ಲೇ ನನ್ನ ವಂಶಾವಳಿ ಓದಿದ.

ಇರಲಿ. ನಿನ್ನೆ ಭಾನುವಾರ ನಕ್ಕಿದ್ದು ನೆನೆಸಿಕೊಂಡರೆ ಇದೆಲ್ಲ ಯಾವ ಲೆಕ್ಕ. ನಮ್ಮ ಗುಂಪು, ಅಂದರೆ ಈ ಜಪಾನಿ ಕೂಪೆ ಕಾರನ್ನೇ ಪ್ರಾಣ ಅಂತ ಇಟ್ಟುಕೊಂಡ ಹುಚ್ಚರು, ಭಾನುವಾರ ಬೆಳಿಗ್ಗೆ ಮಾರ್ಕೆಟ್ ಕಟ್ಟಡದ ತಾರಸಿಯ ಪಾರ್ಕಿಂಗಿನಲ್ಲಿ ಸೇರುತ್ತೇವೆ. ಎರಡೇ ಬಾಗಿಲು, ನೆಲಕ್ಕೆ ಮುತ್ತಿಡುವ ಮೂತಿ, ಹಿಂದಿನ ಸೀಟಿನಲ್ಲಿ ಬೆಕ್ಕು ಕೂತರೂ ಬಾಲ ಮಡಿಸಿಕೊಳ್ಳಬೇಕು. ಅಂಥ ಗಾಡಿ. ನನ್ನದು ಮಗಳಿಗಿಂತ ವಯಸ್ಸಿನಲ್ಲಿ ದೊಡ್ಡದು. ನನ್ನ ಹೆಂಡತಿ ಅದನ್ನು ಕರೆಯುವುದೇ ಸವತಿ ಅಂತ.

ಜಪಾನಿನವರು ಈಗ ಅದರ ಹೊಸ ಮಾಡೆಲ್ಲು ಬಿಟ್ಟಿದ್ದಾರೆ. ನಮ್ಮ ಅಧ್ಯಕ್ಷರಾದ ವಕೀಲರು ಫೋನಿನಲ್ಲಿ ಫೋಟೋ ತೋರಿಸಿದರು. ಹುಟ್ಟಿದ ಮಗು ಯಾರ ಹಾಗಿದೆ ಅಂತ ನೋಡುವ ನೆಂಟರ ಹಾಗೆ ಎಲ್ಲರೂ ಮುಗಿಬಿದ್ದೆವು.

"ಮೂತಿ ನೋಡ್ರೋ, ಆಕಳಿಸ್ತಾ ಇರೋವಾಗ ಫೋಟೋ ಹೊಡ್ದಂಗಿದೆ" ಅಂದ ಬಸ್ಸಣ್ಣ. ಅವನು ಸಿಟಿ ಬಸ್ಸಿನ ಡ್ರೈವರು, ನನ್ನ ಜೀವದ ಗೆಳೆಯ.

"ಎಂಜಿನ್ನಿಗೆ ಶಕ್ತಿ ಜಾಸ್ತಿ ಕೊಟ್ಟಿದಾರೆ ಕಣ್ರೀ. ಬ್ರೇಕೂ ದೊಡ್ಡದು" ಅಂದರು ವಕೀಲರು. "ಆದ್ರೆ ಒಳಗೆ ನೋಡಿ. ಒಂದು ಗುಂಡಿ ಇಲ್ಲ. ಪೂರ್ತಿ ಟೀವಿ ಅಂಗಡಿ."

ಬೈದವರೇ ಮತ್ತೆ ಮತ್ತೆ ಫೋನು ಇಸಿದುಕೊಂಡು ನೋಡುತ್ತಿದ್ದರು. ಅಷ್ಟರಲ್ಲಿ ಯಾರೋ ಫೋಟೋದ ಕೆಳಗಡೆ ಬೆರಳಿಟ್ಟು ದೊಡ್ಡದು ಮಾಡಿದರು. ಎರಡೇ ಪೆಡಲ್ಲು. ಕ್ಲಚ್ಚೇ ಇಲ್ಲ. ಗೇರು ತಾನೇ ಹಾಕಿಕೊಳ್ಳುತ್ತದಂತೆ. ತಾರಸಿಯ ಮೇಲೆ ಯಾರೂ ಉಸಿರೆತ್ತಲಿಲ್ಲ.

ನನಗೆ ಅಂಥ ಮೌನ ತಡೆಯುವುದಿಲ್ಲ. ಗಾಡಿ ಒರೆಸುವ ಬಟ್ಟೆಯನ್ನು ಸುತ್ತಿ, ಮಗುವಿನ ಹಾಗೆ ಎದೆಗಾನಿಸಿಕೊಂಡು ಜೋಗುಳ ಶುರುಮಾಡಿದೆ. "ಜೋ ಜೋ ಕಂದ, ಕಾಲು ಆಡಿಸಬೇಡ ಕಂದ, ಗೇರು ಅಮ್ಮ ಹಾಕ್ತಾಳೆ ಕಂದ..." ಬಸ್ಸಣ್ಣ ನಕ್ಕು ನಕ್ಕು ಬಾನೆಟ್ಟಿನ ಮೇಲೆ ಬಿದ್ದ. ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊಸ ಗಾಡಿಗೆ ಅಲ್ಲೇ "ತೊಟ್ಟಿಲು" ಅಂತ ಹೆಸರಾಯಿತು.

ಅದರ ಹಿಂಬದಿಯ ಇಳಿಜಾರು ಮಾತ್ರ ಬಹಳ ಚೆನ್ನಾಗಿದೆ. ಈ ಮಾತು ಇಲ್ಲೇ ಇರಲಿ.

ಮಾರ್ಚ್ ೭, ಶುಕ್ರವಾರ

ಅಂಗಡಿಯಲ್ಲಿ ಇವತ್ತು ಸ್ಕೂಲ್ ವ್ಯಾನಿನ ಸೀಟುಗಳು. ಮಕ್ಕಳು ರೆಕ್ಸಿನ್ನನ್ನು ಕಿತ್ತು ಒಳಗಿನ ಫೋಮನ್ನು ತಿಂದೇ ಬಿಟ್ಟಿದ್ದಾವೇನೋ ಅನ್ನಿಸುವಂತಿತ್ತು. ಹೊಸ ಫೋಮು ಅಂಟಿಸಿ, ಅಂಚಿಗೆ ಪೈಪಿಂಗ್ ಕೊಟ್ಟು ಹೊಲಿದೆ. ಒಂದನ್ನು ಎತ್ತಿಕೊಂಡು ಹೊಸಿಲು ದಾಟುವಾಗ ಎಡಗಾಲಿನ ಚಪ್ಪಲಿ ಹಿಂದೆಯೇ ಉಳಿಯಿತು, ನಾನು ಮುಂದೆ ಹೋದೆ. ಸೀಟಿನ ಮೇಲೆಯೇ ಬಿದ್ದದ್ದು ಪುಣ್ಯ.

ಎದುರಿನ ಟೀ ಅಂಗಡಿಯವಳು ಕೂಗಿದಳು. "ಏನ್ ಸೀಟಣ್ಣ, ಬೆಳಿಗ್ಗೆ ಬೆಳಿಗ್ಗೇನೇ ಮಲಗಿಬಿಟ್ರಿ?"

"ಮಾಲು ಟೆಸ್ಟ್ ಮಾಡ್ತಿದೀನಿ ಕಣಮ್ಮ. ಗ್ಯಾರಂಟಿ ಕೊಡ್ಬೇಕಲ್ಲ!"

ಚಪ್ಪಲಿ ಸಡಿಲವಾಗಿದೆ. ಮಗಳು ಶೂ ಅಂಗಡಿಯಲ್ಲಿ ಕೆಲಸಕ್ಕಿದ್ದೂ ಅಪ್ಪನ ಕಾಲಿಗೆ ಈ ಗತಿ. ಒಂದು ಜೊತೆ ಶೂ ತಾ ಅಂದಿದ್ದೇನೆ. ಲೇಸು ಬಿಗಿದು ಕಟ್ಟಿದರೆ ಎಲ್ಲಿಗೆ ಓಡೀತು?

ಮಾರ್ಚ್ ೧೬, ಭಾನುವಾರ

ತೊಟ್ಟಿಲು ನಮ್ಮ ನೆಂಟರ ಕೈಗೇ ಬಂತು! ತಂದವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ, ನನ್ನ ಸ್ವಂತ ಬಾಮೈದ. ಅವನ ಹಳೇ ಕೂಪೆಯೂ ನಮ್ಮ ಗುಂಪಿನದೇ. ಯಾರಿಗೂ ಒಂದು ಮಾತು ಹೇಳದೆ ಅದನ್ನು ಕೊಟ್ಟು ಇದನ್ನು ತಂದಿದ್ದಾನೆ. ತಾರಸಿಯ ಇಳಿಜಾರು ಹತ್ತಿ ಬಂದಾಗ ಗೇರು ಬದಲಾದದ್ದೇ ಕೇಳಿಸಲಿಲ್ಲ. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ಬಂದು ನಿಂತಿತು.

ಎಲ್ಲರೂ ಒಟ್ಟಿಗೆ "ಜೋ ಜೋ" ಶುರುಮಾಡಿದರು. ಶುರುಮಾಡಿ ನನ್ನ ಮುಖ ನೋಡಿದರು. ಇನ್ನು ನಾನು ಹಾಡದೆ ಇರುವುದು ಹೇಗೆ? ಎಲ್ಲರಿಗಿಂತ ಜೋರಾಗಿ ಹಾಡಿದೆ.

ಬಾಮೈದ ನಗುತ್ತಲೇ ಇಳಿದ. ಕಿವಿ ಮಾತ್ರ ಕೆಂಪಗಾಗಿತ್ತು. "ಈ ಹಾಡು ಕಟ್ಟಿದ್ದು ನೀವಂತೆ ಭಾವ?"

"ಮಗು ಅಳಬಾರ್ದಲ್ಲಪ್ಪ."

"ಒಂದ್ ರೌಂಡ್ ಓಡ್ಸಿ ನೋಡಿ. ಆಮೇಲೆ ಎಷ್ಟ್ ಬೇಕಾದ್ರೂ ಹಾಡಿ."

"ಬೇಡಪ್ಪ, ನಾನು ಹಾಲಿನ ಬಾಟ್ಲಿ ತಂದಿಲ್ಲ."

ಮತ್ತೆ ನಗು. ಬಸ್ಸಣ್ಣ ಮಾತ್ರ ಕೀ ಇಸಿದುಕೊಂಡು ಒಂದು ಸುತ್ತು ಹೋಗಿ ಬಂದ. ಇಳಿದು ಕೀ ವಾಪಸ್ ಕೊಟ್ಟ. "ಹೋಗುತ್ತೆ ಕಣ್ರೋ. ಹಾಳಾದ್ದು, ಚೆನ್ನಾಗೇ ಹೋಗುತ್ತೆ. ಆದ್ರೆ ನಾನೇ ಓಡಿಸ್ದೆ ಅಂತ ಅನ್ನಿಸ್ಲಿಲ್ಲ. ಯಾರೋ ನನ್ನ ಕರ್ಕೊಂಡು ಹೋದಂಗಿತ್ತು."

"ಚೆನ್ನಾಗಿ ಹೋಗೋದು ಬೇರೆ, ನಮ್ಮದು ಅನ್ನೋದು ಬೇರೆ" ಅಂದರು ವಕೀಲರು. "ಈ ಕೂಪೆಯ ಎಲ್ಲ ಮಾಡೆಲ್ಲಿಗೂ ನಮ್ಮಲ್ಲಿ ಜಾಗ ಇದೆ, ಸರಿ. ಕ್ಲಚ್ಚೇ ಇಲ್ಲದ್ದು ಅದೇ ಕೂಪೆನಾ? ಮತಕ್ಕೆ ಹಾಕೋಣ. ತಿಂಗಳ ಕೊನೇ ಭಾನುವಾರ."

ನಮ್ಮಲ್ಲಿ ಮತ ಅಂದರೆ ಕೈ ಎತ್ತುವುದಲ್ಲ. ಖಾಲಿ ಆಯಿಲ್ ಡಬ್ಬಿ ಒಂದಿದೆ. ಗಾಡಿ ಗುಂಪಿಗೆ ಬೇಕು ಅನ್ನುವವನು ಅದಕ್ಕೆ ನಟ್ಟು ಹಾಕಬೇಕು, ಬೇಡ ಅನ್ನುವವನು ವಾಷರು. ಮುಷ್ಟಿಯಲ್ಲಿ ಹಿಡಿದು ಹಾಕುವುದರಿಂದ ಗುಟ್ಟು ಅಂತ ಲೆಕ್ಕ. ಆದರೆ ನಟ್ಟು ಬಿದ್ದರೆ "ಟಣ್" ಅನ್ನುತ್ತದೆ, ವಾಷರು ಬಿದ್ದರೆ "ಚಿಣ್" ಅನ್ನುತ್ತದೆ. ಗಾಡಿಯ ಸದ್ದು ಕೇಳಿಯೇ ರೋಗ ಹೇಳುವ ಜನಕ್ಕೆ ಅಷ್ಟು ಗೊತ್ತಾಗದೇ ಇರುತ್ತದೆಯೇ? ಗೊತ್ತಾಗದ ಹಾಗೆ ಮುಖ ಮಾಡುವುದೇ ನಮ್ಮ ಮರ್ಯಾದೆ.

"ವಿರೋಧ ಪಕ್ಷದ ಭಾಷಣ ಸೀಟಣ್ಣಂದು" ಅಂತ ವಕೀಲರು ಘೋಷಿಸಿದರು. ಚಪ್ಪಾಳೆ ಬಿತ್ತು. ಬಾಮೈದನೂ ತಟ್ಟಿದ, ಎರಡು ಸಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಎರಡನೇ ಗೇರಿನಲ್ಲೇ ಬಂದೆ. ಬದಲಾಯಿಸುವ ಗೋಜೇ ಬೇಡ ಅಂತ.

ಮಾರ್ಚ್ ೧೭, ಸೋಮವಾರ

ಗ್ರೀಸಪ್ಪನಿಗೆ ಪ್ಲೇಟೂ ಬದಲಾಯಿಸು ಅಂದೆ. ಬೇಡ ಬೇಡ ಅಂದ, ನಾನು ಬಿಡಲಿಲ್ಲ. ಸಾಯಂಕಾಲ ಹೋದಾಗ ಅವನು ಬಾಗಿಲಿನಿಂದ ಒಳಗೆ ಬಗ್ಗಿ ಪೆಡಲ್ಲನ್ನು ಕೈಯಲ್ಲಿ ಒತ್ತಿ ತೋರಿಸಿದ. ಸಲೀಸಾಗಿ ಇಳಿಯಿತು.

"ನೋಡಿದ್ರಾ ಅಣ್ಣಾ? ಕೈಯಲ್ಲಿ!"

"ಹಾಗಾದ್ರೆ ನಾಳೆಯಿಂದ ನೀನೇ ಬಂದು ಒತ್ತು" ಅಂದೆ. ಅವನು ನಗಲಿಲ್ಲ. ನನ್ನ ಕಾಲಿನ ಕಡೆ ನೋಡಿದ. ಶೂ ಹೊಸದಲ್ಲವಾ, ಅದಕ್ಕೇ ಇರಬೇಕು.

ಮಾರ್ಚ್ ೨೦, ಗುರುವಾರ

ಪರಿಹಾರ ಸಿಕ್ಕಿತು! ಇಷ್ಟು ದಿನ ಮೆಕ್ಯಾನಿಕ್ಕಿನ ಹಿಂದೆ ಅಲೆದದ್ದೇ ತಪ್ಪು. ನನ್ನ ಕಸುಬು ನನ್ನ ಕೈಯಲ್ಲೇ ಇತ್ತಲ್ಲ.

ಕಾಲು ಪೆಡಲ್ಲಿನಿಂದ ಜಾರುತ್ತದೆ, ಅದೇ ತೊಂದರೆ. ಆದ್ದರಿಂದ ಪೆಡಲ್ಲಿಗೆ ಒಂದು ಚರ್ಮದ ಪಟ್ಟಿ ಹೊಲಿದೆ. ಕುದುರೆ ಸವಾರರು ಕಾಲಿಡುವ ರಿಕಾಪು ಇರುತ್ತದಲ್ಲ, ಹಾಗೆ. ಕಾಲಿನ ಮುಂಭಾಗ ಅದರೊಳಗೆ ತೂರಿಸಿದರೆ ಜಾರುವ ಮಾತೇ ಇಲ್ಲ. ಒಳಗೆ ಮೆತ್ತಗೆ ಫೋಮು, ಹೊರಗೆ ಕಪ್ಪು ಚರ್ಮ, ಅಂಚಿಗೆ ಕೆಂಪು ದಾರದಲ್ಲಿ ಎರಡು ಸಾಲು ಹೊಲಿಗೆ. ಪೆಡಲ್ಲಿಗೆ ಇಷ್ಟು ಅಲಂಕಾರ ಮಾಡಿದವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಓಡಿಸಿಯೂ ನೋಡಿದೆ. ಎಡಗೈಯಿಂದ ಮೊಣಕಾಲನ್ನು ಒತ್ತಿದರೆ ಕ್ಲಚ್ಚು ಪೂರ್ತಿ ಇಳಿಯುತ್ತದೆ. ಗೇರು ಹಾಕಲೂ ಎಡಗೈಯೇ ಬೇಕು, ಅದೊಂದು ಚಿಕ್ಕ ತಾಪತ್ರಯ. ಮೊಣಕಾಲು ಒತ್ತಿ, ತಕ್ಷಣ ಕೈ ತೆಗೆದು ಗೇರು ಹಾಕಿ, ಮತ್ತೆ ಮೊಣಕಾಲಿಗೆ ಹೋಗಬೇಕು. ತಬಲ ಬಾರಿಸುವವನ ಕೈ ಬೇಕು. ಅಭ್ಯಾಸ ಆಗುತ್ತದೆ.

ಮಾರ್ಚ್ ೨೩, ಭಾನುವಾರ

ತಾರಸಿಗೆ ಹೋಗಲಿಲ್ಲ. ಭಾಷಣದ ತಯಾರಿ ಅಂತ ಫೋನಿನಲ್ಲಿ ಹೇಳಿದೆ. ಅಭ್ಯಾಸ ಇನ್ನೂ ಆಗಿಲ್ಲ.

ಮಗಳು ಬಾಗಿಲ ಬಳಿ ಕೂತು ನನ್ನ ಶೂ ತಿರುಗಿಸಿ ನೋಡುತ್ತಿದ್ದಳು. ರಜೆಯ ದಿನವೂ ಅವಳಿಗೆ ಅದೇ ಕೆಲಸ.

"ಅಪ್ಪಾ, ಈ ಶೂ ಕೊಟ್ಟು ಎಷ್ಟು ದಿನ ಆಯ್ತು?"

"ಯಾಕೆ, ವಾಪಸ್ ತಗೋತೀಯಾ?"

"ಬಲಗಾಲಿಂದು ಹೊಸದಾಗೇ ಇದೆ. ಎಡಗಾಲಿಂದು ತುದಿ ನೋಡು. ಸವೆದು ಒಳಗಿನ ಬಟ್ಟೆ ಕಾಣ್ತಿದೆ. ನೀನು ಕಾಲು ಎಳೀತಿದೀಯ."

"ನಿಮ್ಮ ಅಂಗಡಿ ಮಾಲೇ ಹಾಗೆ ಕಣೇ. ಎಡಕ್ಕೊಂದು ರೇಟು, ಬಲಕ್ಕೊಂದು ರೇಟು."

"ತಮಾಷೆ ಬೇಡಪ್ಪ. ಕಾಲಿನ ಬೆರಳು ಮೇಲಕ್ಕೆತ್ತು ನೋಡೋಣ."

ನಾನು ಬಲಗಾಲು ಎತ್ತಿ ಕುಣಿಸಿ ತೋರಿಸಿದೆ. ಅವಳು ಎಡಗಾಲು ಅಂದಳು. ಅಷ್ಟರಲ್ಲಿ ನನಗೆ ಯಾರಿಗೋ ಫೋನು ಮಾಡುವುದು ನೆನಪಾಯಿತು.

ಮತ ಮುಗಿಯಲಿ, ಡಾಕ್ಟರಿಗೆ ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅಮ್ಮನಿಗೆ ಹೇಳಬೇಡ ಅಂದೆ. "ಅಮ್ಮನಿಗೆ ಕಣ್ಣಿಲ್ವಾ?" ಅಂದಳು.

ಮಾರ್ಚ್ ೨೭, ಗುರುವಾರ

ಭಾಷಣ ಹೆಂಡತಿಯ ಮುಂದೆ ಹೇಳಿದೆ. ಕ್ಲಚ್ಚಿಲ್ಲದ ಗಾಡಿ ಓಡಿಸುವವನು ಎಡಗಾಲನ್ನು ಮನೆಯಲ್ಲೇ ಬಿಟ್ಟು ಬರಬಹುದು, ಹೆಂಡತಿಗೆ ಒತ್ತಲಿಕ್ಕೆ ಒಂದೇ ಕಾಲು ಸಾಕು, ಇತ್ಯಾದಿ. ಅವಳು ಬಟ್ಟೆ ಮಡಿಸುತ್ತಾ ಕೇಳಿದಳು.

"ನಗು ಬರ್ಲಿಲ್ವಾ?"

"ಬಂತು. ಈಗ ಎದ್ದು ಆ ಕಿಟಕಿ ಹಾಕಿ ಬನ್ನಿ" ಅಂದಳು.

ಕಿಟಕಿ ಅಲ್ಲೇ ಇತ್ತು. ನಾನು ಗೋಡೆ ಹಿಡಿದುಕೊಂಡು ಹೋಗಿ ಹಾಕಿ ಬಂದೆ. ಅವಳು ಮಡಿಸಿದ ಅಂಗಿಯನ್ನೇ ಮತ್ತೆ ಬಿಡಿಸಿ ಮಡಿಸುತ್ತಿದ್ದಳು.

ಮಾರ್ಚ್ ೩೦, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಒಳಗೇ ತಿರುಗುತ್ತಿರುತ್ತದೆ.

ಮಾರ್ಕೆಟ್ ಕಟ್ಟಡದ ಇಳಿಜಾರು ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡು ಏರುತ್ತದೆ. ಎರಡೂ ಕಡೆ ಗೋಡೆ, ಮಧ್ಯೆ ಒಂದೇ ಗಾಡಿಗೆ ಜಾಗ. ಅರ್ಧ ಏರಿದೆ. ಗೇರು ಇಳಿಸಬೇಕಿತ್ತು. ಮೊಣಕಾಲು ಒತ್ತಿ ಕೈ ತೆಗೆದೆ, ಗೇರು ಬೀಳುವ ಮೊದಲೇ ಕಾಲು ಎದ್ದುಬಿಟ್ಟಿತು. ಗಾಡಿ ಒಮ್ಮೆ ಹಾರಿ ಆಫ್ ಆಗಿ ಹಿಂದಕ್ಕೆ ಜಾರಿತು. ಹ್ಯಾಂಡ್‌ಬ್ರೇಕು ಎಳೆದೆ. ಹಿಂದೆಯೇ ಬಾಮೈದನ ತೊಟ್ಟಿಲು ಇತ್ತು, ಇನ್ನೊಂದು ಗೇಣು ಜಾರಿದ್ದರೆ ಅದರ ದೊಡ್ಡ ಬಾಯಿಯೊಳಗೆ ಹೋಗುತ್ತಿದ್ದೆ.

ಇಳಿಯೋಣ ಅಂದರೆ ಕಾಲು ಪಟ್ಟಿಯೊಳಗೆ ಸಿಕ್ಕಿಕೊಂಡಿದೆ. ಎಳೆದರೆ ಬರುವುದಿಲ್ಲ. ಪಾದ ತಿರುಗಿಸಿದರೆ ಬರುತ್ತದೆ, ಆದರೆ ಪಾದ ತಿರುಗುತ್ತಲೇ ಇಲ್ಲ. ಬಗ್ಗಿ ಕೈಯಿಂದ ಬಿಡಿಸೋಣ ಅಂದರೆ ಸ್ಟೇರಿಂಗು ಎದೆಗೆ ಒತ್ತುತ್ತದೆ. ಬಾಗಿಲು ತೆಗೆದರೆ ಗೋಡೆಗೆ ಬಡಿದು ಅಲ್ಲಿಗೇ ನಿಂತಿತು. ಎಷ್ಟು ಭದ್ರವಾಗಿ ಹೊಲಿದಿದ್ದೆ ಅಂದರೆ ಒಂದು ಎಳೆಯೂ ಬಿಚ್ಚಲಿಲ್ಲ.

ಹಿಂದೆ ಹಾರ್ನು ಶುರುವಾಯಿತು. ಕಿಟಕಿಯಿಂದ ತಲೆ ಹಾಕಿ "ಸಿಕ್ಕಾಕ್ಕೊಂಡಿದೀನ್ರೋ!" ಅಂತ ಕೂಗಿದೆ. ಹಿಂದಿನ ಗಾಡಿಗಳಿಂದೆಲ್ಲ ನಗು ಎದ್ದಿತು. ನಾನು ನಾಟಕ ಆಡುತ್ತಿದ್ದೇನೆ, ಮತಕ್ಕೆ ಮುಂಚೆ ಏನೋ ಹೊಸ ಐಟಂ ಅಂದುಕೊಂಡರು. ಮತ್ತೆ ಕೂಗಿದೆ. ಮತ್ತೂ ಜೋರು ನಗು. ಯಾರೋ ಜೋಗುಳ ಎತ್ತಿಕೊಂಡರು, ಗೋಡೆಗೆ ಬಡಿದು ಎಲ್ಲ ಸುತ್ತಿನಿಂದಲೂ "ಜೋ ಜೋ" ಕೇಳಿಸಿತು. ಅಂಗಿ ಬೆವರಿನಲ್ಲಿ ಒದ್ದೆಯಾಗಿ ಬೆನ್ನಿಗೆ ಅಂಟಿತು. ನಾನು ಅಲ್ಲಿ ಕೂತು ಕೈ ಬೀಸಿದೆ, ನಕ್ಕೆ. ಬೇರೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ.

ಕೊನೆಗೆ ಗಾಡಿಗೂ ಗೋಡೆಗೂ ಮಧ್ಯೆ ಅಡ್ಡಡ್ಡ ನಡೆದು ಬಂದವನು ಬಸ್ಸಣ್ಣ. ಇನ್ನೊಂದು ಬಾಗಿಲಿನಿಂದ ಒಳಗೆ ತೂರಿ ಕೆಳಗೆ ನೋಡಿದ.

"ಇದೇನೋ ಇದು? ಕಾಲಿಗೆ ಹಗ್ಗ ಕಟ್ಕೊಂಡಿದೀಯ?"

"ರೇಸಿಂಗ್ ಫಿಟ್ಟಿಂಗು ಕಣೋ. ಫಾರಿನ್ನಲ್ಲೆಲ್ಲ ಹೀಗೇ."

"ಕಾಲು ತೆಗಿ."

"ತೆಗೀತೀನಿ ಇರು."

"ತೆಗಿಯೋ ಮತ್ತೆ."

ನಾನು ಮೊಣಕಾಲು ಹಿಡಿದು ಎಳೆದೆ, ಬರಲಿಲ್ಲ. ಅವನೇ ಕೈ ಹಾಕಿ, ಮಗುವಿನ ಶೂ ಬಿಚ್ಚುವ ಹಾಗೆ ನನ್ನ ಶೂ ಬಿಚ್ಚಿ ಕಾಲು ಹೊರಗೆ ತೆಗೆದ. ಶೂ ಪಟ್ಟಿಯಲ್ಲೇ ನೇತಾಡುತ್ತಿತ್ತು. ನನ್ನನ್ನು ಪಕ್ಕದ ಸೀಟಿಗೆ ಸರಿಸಿ ತಾನೇ ಗಾಡಿ ಮೇಲೆ ತಂದ. ಸವತಿ ಒಂದೇ ಸಲಕ್ಕೆ ಏರಿತು. ಕ್ಲಚ್ಚಿನಲ್ಲಿ ನಿಜವಾಗಲೂ ಏನೂ ಇರಲಿಲ್ಲ.

ಭಾಷಣ ಮಾಡಿದೆ. ಹೇಳಿದರೆ ಜಂಬ ಆಗುತ್ತದೆ, ನನ್ನ ಜನ್ಮದಲ್ಲೇ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ಎಡಗಾಲನ್ನು ಮನೆಯಲ್ಲಿ ಬಿಟ್ಟು ಬರುವ ಜೋಕಿಗೆ ಒಬ್ಬರು ನೆಲದಲ್ಲಿ ಕೂತೇಬಿಟ್ಟರು. ಬಾನೆಟ್ಟಿಗೆ ಒರಗಿ ನಿಂತೇ ಮಾತಾಡಿದೆ. ಅದೂ ಸ್ಟೈಲು ಅಂದುಕೊಂಡರು. ಬಸ್ಸಣ್ಣ ನನ್ನ ಬಾಯಿ ನೋಡಲಿಲ್ಲ, ಶೂ ನೋಡುತ್ತಾ ನಿಂತಿದ್ದ.

ಆಮೇಲೆ ಡಬ್ಬಿ ಬಂತು. ನನ್ನ ಒಂದು ಜೇಬಿನಲ್ಲಿ ನಟ್ಟು, ಇನ್ನೊಂದರಲ್ಲಿ ವಾಷರು. ಬಸ್ಸಣ್ಣ ನನಗಿಂತ ಮುಂದಿದ್ದ. ಟಣ್. ಇಷ್ಟು ದಿನ ಅವನೂ ಬೈಯುತ್ತಿದ್ದವನೇ. ನಾನು ನಟ್ಟನ್ನೇ ಹಿಡಿದುಕೊಂಡಿದ್ದೆ. ಮುಷ್ಟಿಯೊಳಗೆ ಬೆಚ್ಚಗಾಗಿತ್ತು. ಆದರೆ ಡಬ್ಬಿಯ ಮುಂದೆ ಹೋದಾಗ ಎಲ್ಲರೂ ಮಾತು ನಿಲ್ಲಿಸಿದರು. ಇವನದು ಹೇಗೆ ಚಿಣ್ ಅನ್ನುತ್ತದೆ ಕೇಳೋಣ ಅಂತ ಕಿವಿ ಕೊಟ್ಟು, ಆಗಲೇ ಅರ್ಧ ನಕ್ಕುಕೊಂಡು ನಿಂತಿದ್ದರು. ನಟ್ಟನ್ನು ಬಿಟ್ಟು ಇನ್ನೊಂದು ಜೇಬಿಗೆ ಕೈ ಹಾಕಿದೆ.

ಚಿಣ್.

ವಾಷರುಗಳೇ ಗೆದ್ದವು. ಬಾಮೈದ ಎಲ್ಲರಿಗೂ ಕೈ ಕುಲುಕಿದ, ನನಗೂ. ಒಬ್ಬನೇ ಇಳಿದು ಹೋದ. ಗೇರಿನ ಸದ್ದಿಲ್ಲ, ಏನೂ ಇಲ್ಲ.

ಬಸ್ಸಣ್ಣ ನನ್ನನ್ನು ಮನೆಗೆ ತಂದು ಬಿಟ್ಟ. ದಾರಿಯಲ್ಲಿ ಒಂದೇ ಮಾತು ಆಡಿದ. "ನಮ್ಮ ಡಿಪೋದಲ್ಲಿ ವರ್ಷಾ ವರ್ಷ ಡಾಕ್ಟ್ರ ಮುಂದೆ ಕೈಕಾಲು ಆಡ್ಸಿ ತೋರಿಸ್ತೀವಿ ಕಣೋ. ನಾಚಿಕೆ ಏನಿಲ್ಲ."

ಮಾರ್ಚ್ ೩೧, ಸೋಮವಾರ

ಅಂಗಡಿ ತೆಗೆಯಲಿಲ್ಲ.

ಏಪ್ರಿಲ್ ೩, ಗುರುವಾರ

ಹೆಂಡತಿ ಒಂದು ಕಡೆ, ಮಗಳು ಒಂದು ಕಡೆ. ಕಳ್ಳನನ್ನು ಸ್ಟೇಷನ್ನಿಗೆ ಕರ್ಕೊಂಡು ಹೋದ ಹಾಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮಂಚದ ಮೇಲೆ ಮಲಗಿಸಿ, ಎಡಪಾದ ಮೇಲಕ್ಕೆತ್ತಿ ಅಂದರು ಡಾಕ್ಟರು.

"ಎತ್ತಿದೀನಲ್ಲ ಸಾರ್."

"ಎತ್ತಿಲ್ಲ."

ತಲೆ ಎತ್ತಿ ನೋಡಿದೆ. ಎತ್ತಿರಲಿಲ್ಲ. ಪಾದ ಯಾರದೋ ವಸ್ತುವಿನ ಹಾಗೆ ಅಲ್ಲಿ ಬಿದ್ದಿತ್ತು.

ಬೆನ್ನಿನ ಮೂಳೆಗಳ ಮಧ್ಯೆ, ಕಾಲಿಗೆ ಹೋಗುವ ನರ ಸಿಕ್ಕಿಹಾಕಿಕೊಂಡಿದೆಯಂತೆ. ಬಹಳ ದಿನದಿಂದ. ಆಪರೇಷನ್ ಮಾಡಿದರೆ ಇನ್ನೂ ಕೆಡದ ಹಾಗೆ ನಿಲ್ಲಿಸಬಹುದು, ಹೋದ ಬಲ ವಾಪಸ್ ಬರುತ್ತದೆ ಅಂತ ಮಾತು ಕೊಡುವುದಿಲ್ಲ ಅಂದರು.

"ಗಾಡಿ ಓಡಿಸ್ತೀರಾ?"

"ಓಡಿಸ್ತೀನಿ ಸಾರ್."

"ಇನ್ನು ಕ್ಲಚ್ ಇರೋದು ಬೇಡ. ಎರಡು ಪೆಡಲ್ ಇರೋದು ಓಡ್ಸಿ. ಬಲಗಾಲು ಚೆನ್ನಾಗಿದೆ."

ನನಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಡಾಕ್ಟರು ಹೆಂಡತಿಯ ಮುಖ ನೋಡಿದರು. "ಇವರು ಯಾವಾಗ್ಲೂ ಹೀಗೇ ಸಾರ್" ಅಂದಳು. ಅಂದವಳು ಆ ಕಡೆ ತಿರುಗಿಕೊಂಡಳು.

ಏಪ್ರಿಲ್ ೬, ಭಾನುವಾರ

ಎಲ್ಲರೂ ತಾರಸಿಯ ಮೇಲಿರುವ ಹೊತ್ತಿಗೆ ನಾನು ಮನೆಯಲ್ಲಿ. ಸವತಿಗೆ ಹೊದಿಕೆ ಹೊದೆಸಿದ್ದೇನೆ. ಕಿಟಕಿಯಿಂದ ನೋಡಿದರೆ ಯಾರೋ ಮಲಗಿದ ಹಾಗೆ ಕಾಣುತ್ತದೆ, ಅದಕ್ಕೇ ಕಿಟಕಿಯ ಕಡೆ ಬೆನ್ನು ಹಾಕಿ ಕೂತಿದ್ದೆ.

ಬಾಮೈದ ಬಂದ. ಅಕ್ಕ ಎಲ್ಲ ಹೇಳಿದ್ದಾಳೆ ಅಂತ ಮುಖದಲ್ಲೇ ಗೊತ್ತಾಯಿತು. ಕಾಲಿನ ಸುದ್ದಿ ಎತ್ತಲಿಲ್ಲ. ಕೀಯನ್ನು ನನ್ನ ಮುಂದೆ ಇಟ್ಟ.

"ಬನ್ನಿ ಭಾವ. ನಾವಿಬ್ರೂ ಹೊರಗಿನವರೇ."

ಓಡಿಸಿದೆ. ಊರಾಚೆಯ ದೊಡ್ಡ ರಸ್ತೆಗೆ ಹೋಗಿ ಬಂದೆವು. ಸ್ಟೇರಿಂಗು ಹಗುರ, ನಮ್ಮದರ ಹಾಗೆ ರಸ್ತೆಯ ಕಲ್ಲು ಕೈಯನ್ನು ಮಾತಾಡಿಸುವುದಿಲ್ಲ. ಸೀಟಿನ ಹೊಲಿಗೆ ಸಪ್ಪೆ, ಮಶೀನಿನದು. ಎದುರಿಗೆ ಆ ದರಿದ್ರ ಟೀವಿ. ಆದರೆ ತಿರುವು ದಾಟಿ ವೇಗ ಏರಿಸಿದಾಗ ಸೊಂಟದ ಕೆಳಗೆ ಅದೇ ಹಳೇ ತಳ್ಳು, ಅದೇ ಕೂಪೆ. ಅಷ್ಟು ದೊಡ್ಡ ಬಾಯಿ ಇಟ್ಟುಕೊಂಡೂ ಅದು ತನ್ನ ತಾಯಿಯನ್ನು ಮರೆತಿಲ್ಲ. ಎಡಗಾಲು ಮೂಲೆಯಲ್ಲಿ ನೆಂಟನ ಹಾಗೆ ಸುಮ್ಮನೆ ಕೂತಿತ್ತು. ಯಾರೂ ಅದನ್ನು ಏನೂ ಕೇಳಲಿಲ್ಲ. ಎಷ್ಟೋ ದಿನದ ಮೇಲೆ ನಾನು ರಸ್ತೆ ನೋಡಿದೆ, ಕಾಲು ನೋಡಲಿಲ್ಲ.

ವಾಪಸ್ ಬಂದು ನಿಲ್ಲಿಸಿದ ಮೇಲೆ ಅವನು ಕೇಳಿದ. "ಮತ ಹಾಕೋವಾಗ ಕಾಲಿನ ವಿಷಯ ನಿಮಗೆ ಗೊತ್ತಿತ್ತಾ ಭಾವ?"

"ಇಲ್ಲಪ್ಪ. ಗೊತ್ತಾಗಿದ್ದು ಈ ಗುರುವಾರ."

"ನಾನು ನಿಮ್ಮ ಹಿಂದೇನೇ ಇದ್ದೆ ಭಾವ, ಆ ಇಳಿಜಾರಲ್ಲಿ. ಎಲ್ರೂ ನಗ್ತಿದ್ರು. ನಿಮ್ಮ ಗಾಡಿ ಕನ್ನಡೀಲಿ ನಿಮ್ಮ ಮುಖ ನನಗೆ ಕಾಣ್ತಿತ್ತು."

ಏನಾದರೂ ತಮಾಷೆ ಹೇಳೋಣ ಅಂತ ಬಾಯಿ ತೆಗೆದೆ. ಹೇಳದೆ ಕೀ ತೆಗೆದು ಅವನ ಕೈಗಿಟ್ಟೆ.

"ಭಾನುವಾರ ನೀವೇ ಓಡ್ಸಿ, ನಾನು ಪಕ್ಕದಲ್ಲಿ ಕೂತ್ಕೋತೀನಿ ಅಂತ ಹೇಳೋಣ ಅಂತ ಬಂದೆ. ಆಮೇಲೆ ನೆನಪಾಯ್ತು, ನಮ್ಮನ್ನ ಮೇಲೆ ಬಿಡಲ್ವಲ್ಲ" ಅಂದ. ಅವನು ಮಾತ್ರ ನಕ್ಕ.

ಏಪ್ರಿಲ್ ೧೨, ಶನಿವಾರ

ಹೊರಗಡೆ ವಕೀಲರೂ ಬಸ್ಸಣ್ಣನೂ ಕೂತಿದ್ದಾರೆ. ಊಟ ಮಾಡಿಕೊಂಡೇ ಹೋಗಬೇಕು ಅಂತ ಇವಳು ಹಿಡಿದು ಕೂರಿಸಿದ್ದಾಳೆ. ಕೈತೊಳೆದು ಬರುತ್ತೇನೆ ಅಂತ ಹೇಳಿ ನಾನು ರೂಮಿನೊಳಗೆ ಬಂದು ಬಾಗಿಲು ಹಾಕಿಕೊಂಡಿದ್ದೇನೆ.

ಆದದ್ದು ಇಷ್ಟು. ಹೋದ ಭಾನುವಾರ ನಾನು ಬರಲಿಲ್ಲ ಅಂತ ನೋಡಲು ಬಂದರು ಅಂದುಕೊಂಡೆ. ಬಸ್ಸಣ್ಣ ಬಂದದ್ದು ಅದಕ್ಕೇ. ಅವನು ಕಾಲಿನ ವಿಷಯ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ. ವಕೀಲರು ಟೀ ಕುಡಿದರು, ಗಂಟಲು ಸರಿಮಾಡಿಕೊಂಡರು, ಕೋರ್ಟಿನಲ್ಲಿ ಇರುವ ಹಾಗೆ ಎಡಕ್ಕೂ ಬಲಕ್ಕೂ ನೋಡಿದರು.

"ಸೀಟಣ್ಣ, ಈ ಮಾತು ನಮ್ಮ ನಮ್ಮಲ್ಲೇ ಇರ್ಬೇಕು. ಆ ಹೊಸದು ಇದೆಯಲ್ಲ... ಬುಕ್ ಮಾಡ್ಬಿಟ್ಟಿದೀನಿ."

"ಯಾವ ಹೊಸದು?"

"ಅದೇ ಕಣಯ್ಯ. ತೊಟ್ಟಿಲು."

ಬಸ್ಸಣ್ಣನಿಗೆ ಟೀ ನೆತ್ತಿಗೇರಿತು. ನಾನು ಅವನ ಬೆನ್ನು ತಟ್ಟಿದೆ.

"ಯಾವಾಗ ಡಾಕ್ಟ್ರೆ... ಅಲ್ಲ, ವಕೀಲ್ರೇ?" ನನ್ನ ತಲೆಯಲ್ಲಿ ಈಗ ಬರೀ ಡಾಕ್ಟರೇ.

"ಫೋಟೋ ಬಂದ ವಾರಾನೇ. ಕೆಂಪು ಬಣ್ಣದ್ದು."

ಅಂದರೆ ಕ್ಲಚ್ಚಿಲ್ಲದ್ದು ಅದೇ ಕೂಪೆನಾ ಅಂತ ವಾದ ಮಾಡುವಾಗಲೇ ಇವರು ಬುಕ್ ಮಾಡಿದ್ದರು. ವಾಷರು ಹಾಕುವಾಗಲೂ.

"ಬೈತಾ ಬೈತಾನೇ ಇಷ್ಟ ಆಗ್ಬಿಡ್ತು ಮಾರಾಯ" ಅಂದರು. ಆ ಮುಖ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. "ಈಗ ಅಧ್ಯಕ್ಷನಾಗಿ ನಾನೇ ಹೇಗೆ ಹೇಳ್ಲಿ? ನೀನು ಕಟ್ಟಿದ ಜೋಗುಳ ಎಲ್ರ ಬಾಯಲ್ಲೂ ಇದೆ. ನಾನು ಅದ್ರಲ್ಲಿ ಮೇಲೆ ಬಂದ್ರೆ ಹಾಡೇ ಹಾಡ್ತಾರೆ. ನಗಿಸಿ ಬೇಡ ಅನ್ನಿಸಿದವನು ನೀನು. ನಗಿಸಿ ಬೇಕು ಅನ್ನಿಸೋನೂ ನೀನೇ. ಏನಾದ್ರೂ ಒಂದು ಐಟಂ ಮಾಡಪ್ಪ. ನಾಳೆ ಇನ್ನೊಂದು ಸಲ ಡಬ್ಬಿ ಇಡ್ತೀನಿ."

ಬಸ್ಸಣ್ಣ ನನ್ನನ್ನೇ ನೋಡುತ್ತಿದ್ದ.

ನನಗೆ ಬೇಕಾದದ್ದೂ ಅದೇ. ಐಟಂ ಆಗಲೇ ತಲೆಗೆ ಬಂದಿದೆ, ಚೆನ್ನಾಗಿಯೂ ಇದೆ. ಹೊಸ ಗಾಡಿಯನ್ನು ದೊಡ್ಡ ಬಾಯಿಯ ಸೊಸೆ ಮಾಡಿ, ಹಳೇದನ್ನು ಅತ್ತೆ ಮಾಡಿ ಇಬ್ಬರ ದನಿಯಲ್ಲೂ ಮಾತಾಡಿದರೆ ತಾರಸಿ ಕುಸಿದು ಬೀಳಬೇಕು, ಅಷ್ಟು ನಗುತ್ತಾರೆ. ಎಲ್ಲರೂ ನಟ್ಟು ಹಾಕುತ್ತಾರೆ. ಬಾಮೈದ ಮೇಲೆ ಬರುತ್ತಾನೆ, ನಾನು ಅವನ ಗಾಡಿ ಓಡಿಸುತ್ತೇನೆ. ಸೀಟಣ್ಣನಿಗೆ ಮನಸ್ಸು ಬದಲಾಯಿತು, ಅವನು ಹಾಗೇ ಅಲ್ಲವಾ ಅಂದುಕೊಳ್ಳುತ್ತಾರೆ. ಕಾಲಿನ ಸುದ್ದಿ ಹೇಳುವ ಪ್ರಮೇಯವೇ ಇಲ್ಲ. ಆಮೇಲೆ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತಿರಬೇಕು, ನಡೆಯುವುದು ಯಾರಿಗೂ ಕಾಣದ ಹಾಗೆ. ಎಲ್ಲರೂ ಹೋದ ಮೇಲೆ ಏಳಬೇಕು. ಮತ್ತೆ ಆ ಇಳಿಜಾರಿನಲ್ಲಿ ಕೂತು ಕೈ ಬೀಸಿದ ಹಾಗೆಯೇ.

ಕಾಲಿಗೆ ಕಟ್ಟಿಕೊಳ್ಳಲು ಡಾಕ್ಟರು ಬರೆದುಕೊಟ್ಟ ಸಾಧನವನ್ನು ನಿನ್ನೆ ಅಂಗಡಿಯಿಂದ ತಂದೆವು. ಬಿಳಿ ಪ್ಲಾಸ್ಟಿಕ್ಕಿನದು, ಪಾದ ಜೋತು ಬೀಳದ ಹಾಗೆ ಹಿಡಿಯುತ್ತದೆ. ಪ್ಯಾಂಟಿನೊಳಗೆ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ ಅಂತ ಅಂಗಡಿಯವನು ಎರಡೆರಡು ಸಲ ಹೇಳಿದ. ಅಂಗಿಗಳ ಕೆಳಗೆ ಬಚ್ಚಿಟ್ಟಿದ್ದೆ. ಈಗ ತೆಗೆದು ಪ್ಯಾಂಟಿನ ಮೇಲೆಯೇ ಕಟ್ಟಿಕೊಂಡಿದ್ದೇನೆ. ಪಟ್ಟಿಯ ಹೊಲಿಗೆ ಬಹಳ ಕಳಪೆ. ಕಾಣಲಿ.

ಹೊರಗೆ ಹೋಗಿ ಮೊದಲು ಏನು ಹೇಳಬೇಕು ಅಂತ ಹೊಳೆಯುತ್ತಿಲ್ಲ. ತಮಾಷೆಯಲ್ಲದ ಮಾತು ಶುರುಮಾಡುವುದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ. ಬಾಗಿಲಿನಿಂದ ಊಟದ ಮೇಜಿನ ತನಕ ಅವರ ಎದುರಿಗೇ ನಡೆಯಬೇಕು. ಅದೇ ಸಾಕಾಗಬಹುದು.

"ರೀ, ಎಷ್ಟು ಹೊತ್ತು? ಎಲ್ಲ ಆರಿಹೋಗ್ತಿದೆ, ಊಟಕ್ಕೆ ಬನ್ನಿ!"

ಬಂದೆ ಕಣೇ.